ಇಪ್ಪತ್ತನೆಯ ಮನೆ

ಹಿನೋತಾನಿಯಲ್ಲಿ ಜನ ಬಾಳುವ ಮನೆಗಳು ಮೂವತ್ತೊಂದು ಎಂದು ಬಾಂತೊ ನಂಬಿತ್ತು. ಹತ್ತೊಂಬತ್ತೇ ಎಂದು ಸುಮಿಯೆಗೆ ಗೊತ್ತಿತ್ತು. ಅದು ಕೇಳಲಿಲ್ಲ, ಇವಳು ಹೇಳಲಿಲ್ಲ. ನಾಲ್ಕು ವರ್ಷ ಇಬ್ಬರೂ ಒಂದೇ ಕೋಣೆಯಲ್ಲಿ ತಂಟೆ ತಕರಾರಿಲ್ಲದೆ ಕೆಲಸ ಮಾಡಿದರು.

ಬಾಂತೊ ಮನುಷ್ಯನಲ್ಲ. ಜಪಾನಿನ ಹಳೆಯ ಅಂಗಡಿಗಳಲ್ಲಿ ಯಜಮಾನನಿಗಿಂತ ಹೆಚ್ಚು ತಿಳಿದ ಹಿರಿಯ ಗುಮಾಸ್ತನೊಬ್ಬ ಇರುತ್ತಿದ್ದ. ಅವನನ್ನು ಬಾಂತೊ ಎನ್ನುತ್ತಿದ್ದರು. ನಾನಾಮೊರಿ ನಗರಸಭೆ ತನ್ನ ಯಂತ್ರಕ್ಕೆ ಆ ಹೆಸರನ್ನೇ ಇಟ್ಟಿತ್ತು. ನಾನಾಮೊರಿ ಕೂಡ ಹೆಸರಿಗಷ್ಟೇ ನಗರ. ಮೂರು ಪಟ್ಟಣ, ಹದಿನಾಲ್ಕು ಹಳ್ಳಿಗಳನ್ನು ಸೇರಿಸಿ ಹೊಲಿದ ಕೌದಿ ಅದು. ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ, ಅದರಲ್ಲಿ ಎರಡು ಗಂಟೆ ಬರೀ ಕಾಡು.

ಊರುಗಳನ್ನು ಕೂಡಿಸುವ ಚಟ ಆ ದೇಶಕ್ಕೆ ಇಂದು ನಿನ್ನೆಯದಲ್ಲ. ಎಪ್ಪತ್ತು ಸಾವಿರ ಇದ್ದವು ಹದಿನೈದು ಸಾವಿರವಾದವು, ಆಮೇಲೆ ಮೂರು ಸಾವಿರ, ಆಮೇಲೆ ಸಾವಿರದ ಏಳುನೂರು. ನಮ್ಮ ಕಥೆಯ ಕಾಲಕ್ಕೆ ಮುನ್ನೂರು ಉಳಿದಿದ್ದವು. ಪ್ರತಿ ಸಲ ಕೂಡಿಸಿದಾಗಲೂ ಒಂದು ಕಚೇರಿ ಮುಚ್ಚುತ್ತದೆ, ಒಬ್ಬ ಅಧ್ಯಕ್ಷನ ಕುರ್ಚಿ ಗೋದಾಮಿಗೆ ಹೋಗುತ್ತದೆ, ಬೆಟ್ಟ ಮಾತ್ರ ಇದ್ದಲ್ಲೇ ಇರುತ್ತದೆ. ಆ ಬೆಟ್ಟದ ಮೇಲಿನವರಿಗೆ ಹಿಮ ತೆಗೆಯುವವರು ಯಾರು, ಕಾಯಿಲೆ ಬಿದ್ದರೆ ನೋಡುವವರು ಯಾರು ಎಂಬ ಪ್ರಶ್ನೆಗೆ ಉತ್ತರವಾಗಿ ಬಾಂತೊ ಬಂತು. ಒಂದು ಮಹಡಿಯಲ್ಲಿ ಹತ್ತು ಜನ ಸಿಬ್ಬಂದಿ, ಜೊತೆಗೆ ಈ ಯಂತ್ರ. ನಗರಕ್ಕೆ ಅಷ್ಟೇ ಸಾಕಾಯಿತು.

ಆ ಹತ್ತು ಜನರಲ್ಲಿ ಒಬ್ಬಳು ಅಸನುಮಾ ಮನೆತನದ ಸುಮಿಯೆ. ಐವತ್ತಾರು ವರ್ಷ, ಮದುವೆಯಾಗಲಿಲ್ಲ. ಹಿನೋತಾನಿಯಲ್ಲೇ ಹುಟ್ಟಿ ಅಲ್ಲಿನ ಹಳ್ಳಿ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವಳು. ಜನನ ಮರಣ ಬರೆದುಕೊಳ್ಳುವುದರಿಂದ ಹಿಡಿದು ಕರಡಿ ಬಂದಾಗ ಡಬ್ಬ ಬಡಿಯುವವರೆಗೆ ಎಲ್ಲ ಕೆಲಸವೂ ಅವಳದೇ ಆಗಿತ್ತು. ಕಚೇರಿ ಮುಚ್ಚಿದ ಮೇಲೆ, ಬೆಟ್ಟ ಬಲ್ಲವರು ಒಬ್ಬರಾದರೂ ಇರಲಿ ಎಂದು ಅವಳನ್ನು ನಿಯಂತ್ರಣ ಕೋಣೆಗೆ ಕರೆಸಿಕೊಂಡರು. ಕೆಲಸದ ಜೊತೆಗೆ ನಗರದಲ್ಲಿ ಆರನೆಯ ಮಹಡಿಯ ಒಂದು ಫ್ಲ್ಯಾಟು ಸಿಕ್ಕಿತು. ಊರಿನ ಮನೆಯ ನಿವಾಸಿ ಎಂಬ ನೋಂದಣಿಯನ್ನು ಅವಳು ತೆಗೆಸಿಹಾಕಲಿಲ್ಲ. ತೆಗೆಸು ಎಂದು ಯಾರೂ ಹೇಳಲೂ ಇಲ್ಲ.

ನಿಯಮ ಸರಳವಾಗಿತ್ತು. ಜನವಿರುವ ಮನೆ ಇಪ್ಪತ್ತಕ್ಕಿಂತ ಕಡಿಮೆಯಾದರೆ ಆ ಹಳ್ಳಿಯನ್ನು 'ಮಡಚುವುದು'. ಸರಕಾರಿ ಭಾಷೆಯಲ್ಲಿ ಅದೇ ಪದವಿತ್ತು, ಬಟ್ಟೆ ಮಡಚಿದ ಹಾಗೆ. ಹಿಮ ತೆಗೆಯುವ ಗಾಡಿ ನಿಲ್ಲುತ್ತದೆ, ನೀರಿನ ಕೊಳವೆ ಮುಚ್ಚುತ್ತದೆ, ಜನರಿಗೆ ನಗರದಲ್ಲಿ ಬೆಚ್ಚನೆಯ ಫ್ಲ್ಯಾಟು ಸಿಗುತ್ತದೆ. ಬಲವಂತವೇನೂ ಇಲ್ಲ. ನೀರಿಲ್ಲದ ಕಡೆ ಇರುತ್ತೇನೆ ಎನ್ನುವವರು ಇರಬಹುದು.

ಮನೆ ಎಣಿಸುವುದಕ್ಕೆ ಬಾಂತೊ ಕಾಗದ ಪತ್ರ ನೋಡುತ್ತಿರಲಿಲ್ಲ. ಕಾಗದದಲ್ಲಿ ಜನ ಒಂದು ಕಡೆ ಇರುತ್ತಾರೆ, ಬಾಳುವುದು ಇನ್ನೊಂದು ಕಡೆ. ಅದಕ್ಕೇ ಎಂಜಿನಿಯರುಗಳು ನೀರನ್ನು ನಂಬಿದರು. ಪ್ರತಿ ಮನೆಯ ಮೀಟರು ಯಾವ ಹೊತ್ತಿಗೆ ಎಷ್ಟು ನೀರು ಹರಿಯಿತೆಂದು ನಿಮಿಷ ನಿಮಿಷಕ್ಕೆ ಹೇಳುತ್ತಿತ್ತು. ಯಾವ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಸ್ನಾನ ಮಾಡುತ್ತಾರೆ ಎಂಬ ರೂಢಿಯನ್ನು ಬಾಂತೊ ಕಲಿತುಕೊಂಡಿತ್ತು. ರೂಢಿ ತಪ್ಪಿದರೆ ಗಾಡಿ ಕಳಿಸುತ್ತಿತ್ತು, ಮೂವತ್ತು ದಿನ ನೀರು ನಿಂತರೆ ಮನೆ ಖಾಲಿ ಎಂದು ಬರೆದುಕೊಳ್ಳುತ್ತಿತ್ತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯನ್ನು ಆ ಎಂಜಿನಿಯರುಗಳು ಕೇಳಿರಲಾರರು, ಆದರೆ ನಂಬಿದ್ದು ಅದನ್ನೇ. ನೀರಿಗೆ ಬಂದವಳು ಬೇರೆಯವರ ಮನೆಯ ನೀರಿಗೂ ಬಂದಿರಬಹುದು ಎನ್ನುವುದು ಅವರಿಗೆ ಹೊಳೆಯಲಿಲ್ಲ.

ಹಿನೋತಾನಿಯಲ್ಲಿ ಒಂದು ಪದ್ಧತಿಯಿತ್ತು. ಮುಚ್ಚಿಟ್ಟ ಮರದ ಮನೆ ಎರಡು ಮಳೆಗಾಲಕ್ಕೆ ಮುದಿಯಾಗುತ್ತದೆ, ಬಳಸದ ಕೊಳವೆ ಒಂದೇ ಚಳಿಗಾಲಕ್ಕೆ ಒಡೆಯುತ್ತದೆ. ಹಾಗಾಗಿ ಯಾರಾದರೂ ಸತ್ತರೆ, ಆಸ್ಪತ್ರೆ ಸೇರಿದರೆ, ದೂರ ಹೋದರೆ, ಅಕ್ಕಪಕ್ಕದವರು ಬೆಳಿಗ್ಗೆ ಆ ಮನೆಯ ಮರದ ಪರದೆ ಸರಿಸಿ, ನಲ್ಲಿ ನಾಲ್ಕು ನಿಮಿಷ ಬಿಟ್ಟು, ಗಾಳಿ ಆಡಿಸಿ ಬರುತ್ತಿದ್ದರು. ಇದನ್ನು 'ಮನೆ ತೆಗೆಯುವುದು' ಎನ್ನುತ್ತಿದ್ದರು. ಯಂತ್ರ ಬರುವುದಕ್ಕೆ ನೂರು ವರ್ಷ ಮೊದಲಿಂದಲೂ ನಡೆದುಬಂದದ್ದು. ಇದರಲ್ಲಿ ಒಂದು ಮರ್ಯಾದೆಯಿತ್ತು: ಯಾರ ಮನೆ ತೆಗೆದೆ ಎಂದು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಆ ಮನೆಯವರಿಗೆ ಋಣ ಹೊರಿಸಿದ ಹಾಗೆ. ಸತ್ತವರು ಋಣ ತೀರಿಸುವುದು ಹೇಗೆ?

ಈಗ ಹನ್ನೆರಡು ಖಾಲಿ ಮನೆಗಳನ್ನೂ ತೆಗೆಯುತ್ತಿದ್ದವಳು ಶಿಗೆನೊ, ಎಪ್ಪತ್ತೊಂಬತ್ತರ ಮುದುಕಿ. ಊರಿನಲ್ಲಿ ಅವಳ ಕಾಲೇ ಗಟ್ಟಿ.

ಹನ್ನೆರಡರಲ್ಲಿ ಒಂದು ಸುಮಿಯೆಯದು. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ತಿಂಗಳಿಗೊಂದು ಭಾನುವಾರ ಸುಮಿಯೆ ಬಸ್ಸಿನಲ್ಲಿ ಊರಿಗೆ ಹೋದರೆ ಪರದೆಗಳು ತೆರೆದಿರುತ್ತಿದ್ದವು, ನೆಲದ ಚಾಪೆಗೆ ಬಿಸಿಲು ಬಿದ್ದಿರುತ್ತಿತ್ತು, ಕೆಲವೊಮ್ಮೆ ಜಗಲಿಯಲ್ಲಿ ಒಂದು ಮೂಲಂಗಿ. ಅವಳು ವಾಪಸು ಹೋಗುವಾಗ ಶಿಗೆನೊಳ ಬಾಗಿಲಲ್ಲಿ ಒಂದು ಚೀಲ ಕಿತ್ತಳೆ ಇಟ್ಟು ಹೋಗುತ್ತಿದ್ದಳು. ದಾರಿಯಲ್ಲಿ ಸಿಕ್ಕರೆ ಇಬ್ಬರೂ ಹವಾಮಾನದ ಮಾತಾಡುತ್ತಿದ್ದರು.

"ಈ ಸಲ ಹಿಮ ಜಾಸ್ತಿ ಅಲ್ವಾ ಶಿಗೆನೊಸಾನ್?"

"ಜಾಸ್ತೀನೇ. ನೀನು ಸೊರಗಿದೀಯ ಸುಮಿಚಾನ್. ಪೇಟೇಲಿ ಏನು ತಿಂತೀಯೋ ಏನೋ."

'ಸಾನ್' ಗೌರವಕ್ಕೆ, 'ಚಾನ್' ಮಕ್ಕಳಿಗೆ. ಐವತ್ತಾರರ ಸುಮಿಯೆ ಆ ಊರಿನಲ್ಲಿ ಇನ್ನೂ ಚಾನ್ ಆಗಿಯೇ ಉಳಿದಿದ್ದಳು, ಅದು ಅವಳಿಗೆ ಇಷ್ಟವೂ ಆಗಿತ್ತು.

*

ಫೆಬ್ರವರಿಯ ಆ ಗುರುವಾರ ಬೆಳಿಗ್ಗೆ ಹನ್ನೊಂದು ನಲವತ್ತಕ್ಕೆ ನಿಯಂತ್ರಣ ಕೋಣೆಯ ಫೋನು ಬಡಿಯಿತು. ಕರೆ ಹಿನೋತಾನಿಯಿಂದ, ತೊಕುಜಿ ಎಂಬ ಎಂಬತ್ತನಾಲ್ಕರ ಮುದುಕ, ಶಿಗೆನೊಳ ನೆರೆಯವನು.

"ಸುಮಿಚಾನ್, ತೊಂದರೆ ಕೊಡ್ತಾ ಇದೀನಿ, ಬೇಜಾರು ಮಾಡ್ಕೋಬೇಡ. ಶಿಗೆನೊಸಾನ್ ಹತ್ತು ಗಂಟೆಗೆ ಚಹಾಕ್ಕೆ ಬರ್ಲಿಲ್ಲ."

"ಹೋಗಿ ನೋಡಿದ್ರಾ?"

"ಅವಳ ಮನೇಲಿಲ್ಲ. ಹೊಳೆ ಈಚೆ ಮೂರು ಮನೆ ನೋಡ್ದೆ. ಹೆಜ್ಜೆ ಗುರುತೆಲ್ಲ ಹಿಮ ಮುಚ್ಚಿಬಿಟ್ಟಿದೆ."

"ಇವತ್ತು ಯಾವ ಕಡೆ ಹೋಗಿದ್ರು?"

"ಅದನ್ನ ನಾವು ಕೇಳೋದಿಲ್ವಲ್ಲ," ಎಂದ ತೊಕುಜಿ. ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಅವನು ಸುಮ್ಮನೆ ಕಾದದ್ದೂ ಅದೇ ಮರ್ಯಾದೆಗೆ.

ನಗರಸಭೆ ಮುದುಕರಿಗೆಲ್ಲ ಕೊರಳಿಗೆ ಹಾಕಿಕೊಳ್ಳುವ ತುರ್ತು ಗುಂಡಿಯೊಂದನ್ನು ಕೊಟ್ಟಿತ್ತು. ಶಿಗೆನೊ ಅದನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿ ಬಂದವರಿಗೆಲ್ಲ ಸರಕಾರ ಕೊಟ್ಟ ಪದಕ ಎಂದು ತೋರಿಸುತ್ತಿದ್ದಳು. ಈಗಲೂ ಅದು ಮೊಳೆಯಲ್ಲೇ ಇದೆಯೆಂದು ತೊಕುಜಿ ಹೇಳಿದ.

ಸುಮಿಯೆ ಕಂಪ್ಯೂಟರಿನ ಪರದೆಯ ಕಡೆ ತಿರುಗಿದಳು. ಹಿನೋತಾನಿಯ ಮೂವತ್ತೊಂದು ಮನೆಗಳೂ ಹಸಿರು ಚುಕ್ಕೆಗಳಾಗಿದ್ದವು, ಹಸಿರೆಂದರೆ ಜನವಿರುವ ಮನೆ. ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಊರು ಎರಡು ಇಳಿಜಾರಿನಲ್ಲಿ ಹರಡಿದೆ, ನಡುವೆ ಹೊಳೆ. ಪೂರ್ವಕ್ಕೆ ಏಳು ಖಾಲಿ ಮನೆ, ಪಶ್ಚಿಮಕ್ಕೆ ಐದು. ಅಣೆಕಟ್ಟಿನ ಹತ್ತಿರದ ಠಾಣೆಯಿಂದ ರಕ್ಷಣಾ ಗಾಡಿ ಸೇತುವೆ ತಲುಪಲು ಇಪ್ಪತ್ತೈದು ನಿಮಿಷ ಬೇಕು. ಅಲ್ಲಿಂದ ಒಂದೊಂದು ಇಳಿಜಾರು ಹುಡುಕಲು ಒಂದೊಂದು ಗಂಟೆ. ತಪ್ಪು ಕಡೆ ಹೋದರೆ ಆ ಗಂಟೆ ವಾಪಸು ಬರುವುದಿಲ್ಲ.

ಬಾಂತೊವಿನ ಎಂಜಿನಿಯರ್ ಹಿರಾಗಾ ಪಕ್ಕದಲ್ಲೇ ಇದ್ದ. ಮೂವತ್ತೆರಡರ ಹುಡುಗ, ಮಾತು ಮೆತ್ತಗೆ.

"ಮನೆಮನೆಯ ನೀರಿನ ದಾಖಲೆ ತೋರಿಸೋಕಾಗುತ್ತಾ ಹಿರಾಗಾಸಾನ್?"

"ಜನ ಇರುವ ಮನೆಯದ್ದು ಬಾಂತೊ ಮಾತ್ರ ನೋಡಬಹುದು, ಅಸನುಮಾಸಾನ್. ನಾವು ನೋಡೋ ಹಾಗಿಲ್ಲ. ಯಾರು ಎಷ್ಟು ಹೊತ್ತಿಗೆ ಸ್ನಾನ ಮಾಡ್ತಾರೆ ಅಂತ ನಾವು ತಿಳ್ಕೊಳ್ಳೋದು ಸರಿಯಲ್ಲ ಅಂತ ಕಾನೂನು. ಖಾಲಿ ಮನೆಯದ್ದಾದ್ರೆ ಯಾರು ಬೇಕಾದ್ರೂ ನೋಡಬಹುದು."

ಅವಳಿಗೆ ಅದು ಗೊತ್ತಿತ್ತು. ಕೇಳಿದ್ದು ಒಂದು ಉಸಿರಿನ ಹೊತ್ತು ಗಳಿಸುವುದಕ್ಕೆ. ಶಿಗೆನೊ ಹೋಗಿರುವುದು ಖಾಲಿ ಮನೆಗೆ, ಆ ಮನೆಗಳ ಲೆಕ್ಕ ಬಿಚ್ಚಬೇಕಾದರೆ ಅವು ಖಾಲಿ ಎಂದು ಬಾಂತೊಗೆ ಹೇಳಬೇಕು. ಒಮ್ಮೆ ಹೇಳಿದರೆ ಮೀಟರಿಗೆ ಮೊಹರು ಬೀಳುತ್ತದೆ. ಹನ್ನೆರಡೂ ಹೇಳಿದರೆ ಉಳಿಯುವುದು ಹತ್ತೊಂಬತ್ತು. ಹನ್ನೊಂದು ಹೇಳಿದರೆ ಇಪ್ಪತ್ತು.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಅವಳು ಹನ್ನೊಂದು ಮನೆಗಳನ್ನು ಒಂದೊಂದಾಗಿ ಗುರುತು ಮಾಡಿದಳು. ಪಟ್ಟಿ ನೋಡಬೇಕಾಗಲಿಲ್ಲ. ಹಸಿರು ಚುಕ್ಕೆಗಳು ಬೂದಿ ಬಣ್ಣಕ್ಕೆ ತಿರುಗುವುದನ್ನು ಹಿರಾಗಾ ಬಾಯಿ ತೆರೆದು ನೋಡುತ್ತಿದ್ದ. ತನ್ನ ಮನೆಯನ್ನು ಅವಳು ಹಸಿರಾಗಿಯೇ ಬಿಟ್ಟಳು.

ದಾಖಲೆ ಬಿಚ್ಚಿಕೊಂಡಿತು. ಪೂರ್ವದ ಏಳು ಮನೆಗಳಲ್ಲಿ ಅಂದು ಯಾರೂ ನಲ್ಲಿ ಮುಟ್ಟಿರಲಿಲ್ಲ. ಪಶ್ಚಿಮದಲ್ಲಿ ಎಂಟು ಹತ್ತಕ್ಕೆ ಒಂದು ಮನೆ, ನಾಲ್ಕು ನಿಮಿಷ. ಎಂಟು ಇಪ್ಪತ್ತನಾಲ್ಕಕ್ಕೆ ಎರಡನೆಯದು, ನಾಲ್ಕು ನಿಮಿಷ. ಎಂಟು ನಲವತ್ತಕ್ಕೆ, ಒಂಬತ್ತು ಐದಕ್ಕೆ. ಆಮೇಲೆ ಏನೂ ಇಲ್ಲ. ಮುದುಕಿ ಇಳಿಜಾರು ಹತ್ತಿಕೊಂಡು ಹೋದದ್ದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ನಾಲ್ಕನೆಯ ಮನೆಯಿಂದ ಮುಕ್ಕಾಲು ಕಿಲೋಮೀಟರು ಮೇಲೆ, ಆ ದಾರಿಯ ಕೊನೆಗೆ, ಇರುವುದು ಒಂದೇ ಮನೆ.

"ಬಾಂತೊ, ಗಾಡೀನ ಪಶ್ಚಿಮಕ್ಕೆ ಕಳಿಸು," ಎಂದಳು ಸುಮಿಯೆ. "ಮೇಲಿನ ಕೊನೇ ಮನೆಗೆ. ಅಸನುಮಾ ಮನೆ."

ಗಾಡಿಯಲ್ಲಿ ಇಬ್ಬರು ರಕ್ಷಣಾ ಸಿಬ್ಬಂದಿ ಇರುತ್ತಾರೆ, ಆದರೆ ಅದು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುವುದು ಬಾಂತೊ. ಇಡೀ ನಗರಕ್ಕೆ ಅಂಥ ಗಾಡಿ ಮೂರೇ ಇದ್ದವು. ಅಂದಾಜಿನ ಮೇಲೆ ಕಳಿಸಲು ಅದಕ್ಕೆ ಅನುಮತಿಯಿರಲಿಲ್ಲ.

ಗಾಡಿ ನಿರಾಕರಿಸುವಾಗ ಕಾರಣವನ್ನಷ್ಟೇ ಹೇಳಲು ಅನುಮತಿಯಿತ್ತು. ಬಾಂತೊವಿನ ದನಿ ಯಾವಾಗಲೂ ಅತಿ ವಿನಯದ್ದು. "ಗಾಡಿ ಸೇತುವೆಯ ಕಡೆ ಹೊರಟಿದೆ. ಆದರೆ ಅಸನುಮಾ ಮನೆಯಲ್ಲಿ ಎಲ್ಲವೂ ಸರಿಯಾಗಿದೆ. ನಿವಾಸಿ ಒಂಬತ್ತು ನಲವತ್ತರಿಂದ ನೀರು ಬಿಟ್ಟುಕೊಂಡಿದ್ದಾರೆ. ಕೊಳವೆ ಹೆಪ್ಪುಗಟ್ಟದಿರಲೆಂದು ಫೆಬ್ರವರಿಯಲ್ಲಿ ಈ ಭಾಗದವರು ಹೀಗೆ ಮಾಡುವುದು ರೂಢಿ. ಅಲ್ಲಿಗೆ ಗಾಡಿ ಹೋಗಲು ಕಾರಣವಿಲ್ಲ."

ಒಂಬತ್ತು ನಲವತ್ತರಿಂದ. ಎರಡು ಗಂಟೆ ಮೀರಿತ್ತು.

ಆದರೂ ಆ ಮನೆ ಖಾಲಿ ಎಂದು ಸುಮಿಯೆ ಹೇಳಲಿಲ್ಲ. ಗಾಡಿಯನ್ನು ಕೆಳಗಿನ ಖಾಲಿ ಮನೆಗೆ ಕಳಿಸಿ ಅಲ್ಲಿಂದ ಸಿಬ್ಬಂದಿಯನ್ನು ನಡೆಸಬಹುದೇ ಎಂದು ಯೋಚಿಸಿದಳು. ಬೆಳಗಿನಿಂದ ಸುರಿದ ಮೊಣಕಾಲೆತ್ತರದ ಹಿಮದಲ್ಲಿ ಮುಕ್ಕಾಲು ಕಿಲೋಮೀಟರು. ತೊಕುಜಿಗೆ ಫೋನು ಮಾಡಿದಳು. ಅವನು ಹೊರಡುತ್ತೇನೆ ಎಂದ, ನನ್ನ ಕಾಲಿಗೆ ಒಂದೂವರೆ ಗಂಟೆ ಆಗುತ್ತೆ ಎಂದೂ ಹೇಳಿದ. ಬೇಡ, ನೀವು ಹೊರಡಬೇಡಿ ಎಂದು ಫೋನಿಟ್ಟಳು. ಅತ್ತ ದರಿ ಇತ್ತ ಪುಲಿ. ಒಂದು ಕಡೆ ಒಬ್ಬ ಮುದುಕಿ, ಇನ್ನೊಂದು ಕಡೆ ಆ ಮುದುಕಿ ಹನ್ನೆರಡು ಮನೆಗಳ ನಲ್ಲಿ ತಿರುಗಿಸಿ ತಿರುಗಿಸಿ ಉಳಿಸಿಕೊಂಡಿದ್ದ ಊರು. ಗಡಿಯಾರದಲ್ಲಿ ಒಂಬತ್ತು ನಿಮಿಷ ಹೋಯಿತು.

"ಆ ಮನೆಯ ನಿವಾಸಿ ಅಲ್ಲಿಲ್ಲ," ಎಂದಳು ಕೊನೆಗೆ.

"ನಿವಾಸಿ ಎಲ್ಲಿದ್ದಾರೆ?" ಎಂದು ಬಾಂತೊ ಕೇಳಿತು.

"ನಿವಾಸಿ ನಾನೇ. ನಾಲ್ಕು ವರ್ಷದಿಂದ ಇಲ್ಲೇ ಇದೀನಿ. ಆ ಮನೆ ಖಾಲಿ."

"ತಿಳಿಸಿದ್ದಕ್ಕೆ ಧನ್ಯವಾದ," ಎಂದಿತು ಬಾಂತೊ. ಗಾಡಿಯ ಚುಕ್ಕೆ ಪಶ್ಚಿಮಕ್ಕೆ ತಿರುಗಿತು. ಪರದೆಯ ಮೂಲೆಯಲ್ಲಿ ಹಿನೋತಾನಿ ಎಂಬ ಹೆಸರಿನ ಪಕ್ಕ ಹತ್ತೊಂಬತ್ತು ಎಂಬ ಅಂಕಿ ಮೂಡಿತು. ಅದರ ಕೆಳಗೆ ಅರವತ್ತು ದಿನಗಳ ನೋಟೀಸು ತಾನಾಗಿಯೇ ತಯಾರಾಯಿತು.

*

ಶಿಗೆನೊ ಅಡುಗೆಮನೆಯ ಮೆಟ್ಟಿಲಿನಿಂದ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಕೈಗೆ ಸಿಕ್ಕ ಚಾಪೆ ಎಳೆದು ಹೊದ್ದುಕೊಂಡಿದ್ದಳು. ಚಳಿಗೆ ಮರಗಟ್ಟಿ ಬಲಗಾಲಿನ ಎರಡು ಬೆರಳು ಹೋದವು, ಜೀವ ಉಳಿಯಿತು. ಇನ್ನೊಂದು ಗಂಟೆಯಾಗಿದ್ದರೆ ನಾವು ಮಾತಾಡುವುದೇ ಬೇರೆಯಾಗಿರುತ್ತಿತ್ತು ಎಂದರು ಡಾಕ್ಟರು.

ಐದನೆಯ ದಿನ ಸುಮಿಯೆ ಕಿತ್ತಳೆ ತೆಗೆದುಕೊಂಡು ಆಸ್ಪತ್ರೆಗೆ ಹೋದಳು. ಶಿಗೆನೊ ಮಲಗಿದಲ್ಲಿಂದಲೇ ಅವಳನ್ನು ಅಳೆದು ನೋಡಿದಳು.

"ಎಲ್ಲ ಹೇಳ್ಬಿಟ್ಯಂತೆ."

"ಹೇಳ್ದೆ."

"ಹನ್ನೆರಡೂ?"

"ಹನ್ನೆರಡೂ."

ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿದಳು. ಗೋಡೆಗೆ ಹೇಳುವ ಹಾಗೆ ಹೇಳಿದಳು: "ನಾನೊಬ್ಬಳು. ಅಲ್ಲಿ ಹತ್ತೊಂಬತ್ತು ಮನೆ ಜನ. ಅಷ್ಟು ವರ್ಷ ಕಚೇರೀಲಿದ್ದೋಳಿಗೆ ಲೆಕ್ಕ ಬರ್ಲಿಲ್ವಾ?"

"ಬಂತು. ಒಂಬತ್ತು ನಿಮಿಷ ಲೆಕ್ಕ ಹಾಕ್ದೆ ಶಿಗೆನೊಸಾನ್. ನೀವು ಅಲ್ಲೇ ಬಿದ್ದಿದೀರ ಅಂತ ಗೊತ್ತಿದ್ದೂ ಸುಮ್ನೆ ಕೂತಿದ್ದೆ."

ಇದನ್ನು ಅವಳು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳುವಾಗ ನಾಚಿಕೆಯಾಯಿತು. ಶಿಗೆನೊ ನಿಧಾನವಾಗಿ ಈ ಕಡೆ ತಿರುಗಿದಳು.

"ಒಂಬತ್ತೇನಾ?" ಎಂದಳು. "ನಾನಾಗಿದ್ರೆ ಇನ್ನೂ ಸ್ವಲ್ಪ ಹೊತ್ತು ಹಾಕ್ತಿದ್ದೆ." ಆಮೇಲೆ ಕಿತ್ತಳೆಯೊಂದನ್ನು ಸುಲಿದುಕೊಡಲು ಹೇಳಿ, ನಲ್ಲಿ ನಿಲ್ಲಿಸಿದರೋ ಇಲ್ಲವೋ ಎಂದು ವಿಚಾರಿಸಿದಳು.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ಹನ್ನೊಂದು ಮನೆ ಖಾಲಿಯೆಂದು ನಿಮಗೆ ಒಮ್ಮೆಲೇ ಹೇಗೆ ಗೊತ್ತಾಯಿತು ಎಂದು ಮೇಲಿನವರು ಕೇಳಿದರು. ಯಾವಾಗಲೂ ಗೊತ್ತಿತ್ತು ಎಂದಳು ಸುಮಿಯೆ. ಸಮೀಕ್ಷೆಯ ಹೊತ್ತಿನಲ್ಲಿ ಪ್ರತಿ ಮನೆಯಲ್ಲೂ ನೀರು ಬಳಕೆಯಾಗುತ್ತಿದೆಯೇ ಎಂದು ಕೇಳಿದ್ದರು, ಆಗುತ್ತಿದೆ ಎಂದು ಬರೆದಿದ್ದಳು. ಅದು ಸುಳ್ಳಾಗಿರಲಿಲ್ಲ. ಒಂದು ಎಚ್ಚರಿಕೆ ಪತ್ರ ಕೊಟ್ಟರು. ಮಾರನೆಯ ದಿನ ಅವಳೇ ರಾಜೀನಾಮೆ ಕೊಟ್ಟಳು.

ನಿಯಮ ಓದಿದವಳು ಅವಳು. ಖಾಲಿ ಎಂದು ಬರೆದ ಮನೆಗೆ ಮತ್ತೆ ನೀರು ಬರಬೇಕಾದರೆ ನಿವಾಸಿಯೇ ಬಂದು ಸಹಿ ಹಾಕಬೇಕು, ಬೇರೆಲ್ಲೂ ಅವರಿಗೆ ಮನೆ ಇರಬಾರದು. ಫ್ಲ್ಯಾಟು ಕೆಲಸದ ಜೊತೆ ಬಂದದ್ದು, ಕೆಲಸದ ಜೊತೆಯೇ ಹೋಯಿತು. ಇನ್ನೂ ನಾಲ್ಕು ವರ್ಷವಿದ್ದ ನೌಕರಿ, ಕೆಳಗಿನ ಅಂಗಡಿಯ ಬಿಸಿ ಬನ್ನು, ಲಿಫ್ಟು, ಎಲ್ಲವನ್ನೂ ಅವಳು ಸಾಮಾನಿನ ಟೆಂಪೋ ಊರಿಗೆ ಹೊರಡುವ ಹೊತ್ತಿಗೆ ಬಿಟ್ಟಳು. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಿಸಿ ಬನ್ನಿಗೆ ಬಹಳ ಬೇಸರವಾಯಿತು.

ಅರ್ಜಿಗೆ ಮುದ್ರೆ ಒತ್ತಿದವನು ಹಿರಾಗಾ. "ನಿಮ್ಮ ಮನೆ ಸೇರಿ ಇಪ್ಪತ್ತಾಯ್ತು, ಅಸನುಮಾಸಾನ್. ನೋಟೀಸು ರದ್ದು," ಎಂದ. ಕಾಗದ ಕೊಡುವ ಮೊದಲು ಸ್ವಲ್ಪ ತಡೆದ. "ಶಿಗೆನೊಸಾನ್ ಇನ್ನೂ ಆಸ್ಪತ್ರೆಯಲ್ಲಿದ್ದಾರೆ. ಆಮೇಲೆ ನಡೆಯೋದು ಕಲಿಯೋಕೆ ಬೇರೆ ಕಡೆ ಆರು ತಿಂಗಳು ಅಂತೆ. ಅವರ ಮನೆ?"

"ನೀರು ಹರೀತಾ ಇದೆ."

"ನಾನು ಅದನ್ನ ಕೇಳ್ಲಿಲ್ಲ."

"ಬಾಂತೊ ಅದನ್ನೇ ತಾನೇ ಕೇಳೋದು?"

ಹಿರಾಗಾ ಪರದೆಯ ಕಡೆ ನೋಡಿದ. ಅಲ್ಲಿ ಇಪ್ಪತ್ತು ಹಸಿರು ಚುಕ್ಕೆಗಳಿದ್ದವು. ನಿಯಮದಲ್ಲಿ ಇಲ್ಲದ ಪ್ರಶ್ನೆಯನ್ನು ಕೇಳುವುದು ಅವನ ಕೆಲಸವಾಗಿರಲಿಲ್ಲ. ಅವನು ಎದ್ದುನಿಂತು ತಲೆಬಾಗಿಸಿ ಕಾಗದ ಕೊಟ್ಟ.

*

ಏಪ್ರಿಲಿನಲ್ಲಿ ದಾರಿಯ ಬದಿಗೆ ಮಾತ್ರ ಹಿಮ ಉಳಿದಿತ್ತು. ಸುಮಿಯೆ ಎಂಟು ಗಂಟೆಗೆ ತನ್ನ ಮನೆಯ ಪರದೆ ಸರಿಸಿ ಇಳಿಜಾರು ಇಳಿದು ಸೇತುವೆ ದಾಟಿದಳು. ಮೊಹರು ಬಿದ್ದ ಮನೆಗಳ ಮುಂದೆ ಹಾದುಬಂದಳು. ಅವುಗಳ ಪರದೆ ತೆಗೆಯಲು ಯಾರೂ ಅಡ್ಡಿ ಮಾಡಿರಲಿಲ್ಲ, ನೀರಿಲ್ಲದ ಮನೆ ಎಷ್ಟು ದಿನ ನಿಲ್ಲುತ್ತದೋ ನೋಡಬೇಕಿತ್ತು. ತೊಕುಜಿ ಅಂಗಳದಲ್ಲಿ ಸೌದೆ ಜೋಡಿಸುತ್ತಿದ್ದ. ಅವಳು ಬೇಲಿಯ ಹತ್ತಿರ ನಿಂತಳು.

"ತೊಕುಜಿಸಾನ್, ನಾನು ಶಿಗೆನೊಸಾನ್ ಮನೆ ತೆಗೆಯೋಕೆ ಹೋಗ್ತಾ ಇದೀನಿ."

ಮುದುಕನ ಕೈಯಲ್ಲಿದ್ದ ಸೌದೆ ಹಾಗೇ ನಿಂತಿತು. ಹೇಳಬಾರದ್ದನ್ನು ಬೀದಿಯಲ್ಲಿ ಹೇಳಿದವಳ ಮುಖ ನೋಡುವುದು ಹೇಗೆಂದು ತಿಳಿಯದೆ ಅವನು ಹೊಳೆಯ ಕಡೆ ನೋಡಿದ. "ಇದನ್ನೆಲ್ಲ ಬಾಯಿಬಿಟ್ಟು ಹೇಳ್ತಾರಾ ಸುಮಿಚಾನ್? ನಿಮ್ಮಮ್ಮ ಕೇಳಿದ್ರೆ ಏನಂತಿದ್ಲು?"

"ಬೈತಿದ್ರು. ಆದ್ರೂ ಇನ್ಮೇಲೆ ಹೇಳ್ತೀನಿ. ಇವತ್ತು ಅವರ ಮನೆ ಒಂದೇ. ಒಂಬತ್ತು ಗಂಟೆಗೆ ವಾಪಸು ಬರ್ತೀನಿ. ಬರ್ದಿದ್ರೆ ಬಂದು ನೋಡಿ."

ಅವನು ಸೌದೆ ಜೋಡಿಸುವುದಕ್ಕೆ ತಿರುಗಿದ.

ಶಿಗೆನೊಳ ಮನೆಯೊಳಗೆ ತಣ್ಣನೆಯ ಮರದ ವಾಸನೆ. ಸುಮಿಯೆ ಪರದೆಗಳನ್ನು ಸರಿಸಿದಳು, ಕಿಟಕಿ ತೆರೆದಳು, ಮೊಳೆಯಲ್ಲಿದ್ದ ಪದಕದ ದೂಳು ಒರೆಸಿ ಅಲ್ಲೇ ಬಿಟ್ಟಳು. ನಲ್ಲಿ ತಿರುಗಿಸಿ ಗಡಿಯಾರ ನೋಡುತ್ತ ನಿಂತಳು. ದೂರದ ಕೋಣೆಯಲ್ಲಿ ಬಾಂತೊ ಇದನ್ನು ಬರೆದುಕೊಳ್ಳುತ್ತಿರುತ್ತದೆ: ಈ ಮನೆಯವರು ಎಂಟೂವರೆಗೆ ಏಳುತ್ತಾರೆ. ನಾಲ್ಕು ನಿಮಿಷವಾದ ಮೇಲೆ ನಲ್ಲಿ ನಿಲ್ಲಿಸಿದಳು. ಹೊರಡುವಾಗ ಜಗಲಿಯಲ್ಲಿ ಬಿದ್ದಿದ್ದ ಒಣ ಎಲೆಗಳನ್ನು ಗುಡಿಸಬೇಕೆನಿಸಿತು, ಗುಡಿಸಿದಳು.

ವಾಪಸು ಬರುವಾಗ ದಾರಿಯ ತಿರುವಿನಲ್ಲಿ ತೊಕುಜಿ ನಿಂತಿದ್ದ. ಕಾಲಿಗೆ ಹಿಮದ ಬೂಟು, ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಹಳೆಯ ಜೇಬುಗಡಿಯಾರ. ಅವಳನ್ನು ಕಂಡು ಗಡಿಯಾರ ಜೇಬಿಗೆ ಹಾಕಿಕೊಂಡ.

"ಒಂಬತ್ತು ಅಂದಿದ್ಯಲ್ಲ," ಎಂದ. "ಒಂಬತ್ತು ಎರಡಾಯ್ತು."